ನೇಕಾರ ಕೊಂಡ ಪ್ಯಾಂಟು

"ಗುರುಗಳೇ, ನಮ್ಮ ಪಾಠಶಾಲೆಗೆ ಅಧ್ಯಾಪಕನನ್ನು ಆರಿಸಿದವನು ನಾನೇ. ಮೂರು ದಿನ ಎದುರಿಗೆ ಕೂರಿಸಿಕೊಂಡು ಮಂತ್ರ ಹೇಳಿಸಿದೆ. ಒಂದು ಸ್ವರ ತಪ್ಪಲಿಲ್ಲ. ಈಗ ನೋಡಿದರೆ, ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಮಕ್ಕಳು ನಡುಗುತ್ತಾರೆ. ಇಷ್ಟು ಪರೀಕ್ಷೆ ಮಾಡಿಯೂ ನಾನು ಎಡವಿದ್ದೆಲ್ಲಿ?" ಎಂದು ಶಿಷ್ಯ ಕೇಳಿದ. ಸ್ವರ ತಪ್ಪದೆ ವೇದ ಹೇಳುವುದರಲ್ಲಿ ಈ ಶಿಷ್ಯನೂ ಹೆಸರಾದವನೇ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ದೊಡ್ಡ ಕಾಯಿಲೆಯಿಂದ ಎದ್ದು ಕೂತಳು. ಅವಳು ಗುಣವಾದರೆ ತಾನೇ ನೇದ ವಸ್ತ್ರವನ್ನು ಬೆಟ್ಟದ ಮೇಲಿನ ದೇವರಿಗೆ ಕೈಯಾರೆ ಒಪ್ಪಿಸುತ್ತೇನೆಂದು ಅವನು ಹರಕೆ ಹೊತ್ತಿದ್ದ. ಆ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಂದು ದಿನ, ಅದೂ ಮಧ್ಯಾಹ್ನದವರೆಗೆ ಮಾತ್ರ. ದಾರಿಯುದ್ದಕ್ಕೂ ಮುಳ್ಳುಹುಲ್ಲು. ಗುಡಿಯ ಕೆಳಗೆ ಮೊಣಕಾಲುದ್ದ ಹೊಳೆ. ಮೊಣಕಾಲು ಕಾಣುವಂತೆ ಬಂದ ಗಂಡಸರಿಗೆ ಮೆಟ್ಟಿಲು ಹತ್ತಲು ಅಪ್ಪಣೆಯಿಲ್ಲ. ಇದಕ್ಕೆಲ್ಲ ಅನುಕೂಲವಾದ ಒಂದು ಪ್ಯಾಂಟು ಪೇಟೆಯಲ್ಲಿ ಸಿಗುತ್ತದೆಂದು ಜೊತೆಗಾರನೊಬ್ಬ ಹೇಳಿದ. ಮೊಣಕಾಲಿನ ಹತ್ತಿರ ಜಿಪ್ ಇರುತ್ತದೆ. ಎಳೆದರೆ ಕೆಳಗಿನ ತುಂಡು ಕಳಚಿ ಚಡ್ಡಿಯಾಗುತ್ತದೆ, ಜೋಡಿಸಿದರೆ ಮತ್ತೆ ಪ್ಯಾಂಟು.

ನೇಕಾರ ಪೇಟೆಗೆ ಹೋದ. ಅಂಗಡಿಯವನು ಅವನ ಕೈಗೆಟುಕುವಂಥ ಎರಡು ಪ್ಯಾಂಟು ತೆಗೆದಿಟ್ಟ. ಎರಡಕ್ಕೂ ಒಂದೇ ಬೆಲೆ. ನೇಕಾರ ಬಟ್ಟೆಯನ್ನು ಬೆಳಕಿಗೆ ಹಿಡಿದ. ಉಜ್ಜಿದ. ಅಡ್ಡಕ್ಕೆ ಎಳೆದ. ಮೂಲೆಗೆ ನೀರು ಚಿಮುಕಿಸಿ ಒಣಗುವ ತನಕ ಕಾದು ಕೂತ. ಒಂದು ನುಣುಪು, ಬೇಗ ಒಣಗಿತು. ಇನ್ನೊಂದು ಒರಟು.

"ಅಣ್ಣಾ, ಒರಟಾಗಿರೋದರ ಜಿಪ್ ಗಟ್ಟಿ. ಎರಡರ ಜಿಪ್ಪನ್ನೂ ಒಂದ್ಸಲ ಬಿಚ್ಚಿ ಹಾಕಿ ನೋಡಿ," ಎಂದ ಅಂಗಡಿಯವನು.

"ಜಿಪ್ಪನ್ನ ಉಟ್ಕೊಳ್ತಾರೇನಯ್ಯಾ? ಮೂವತ್ತು ವರ್ಷ ಮಗ್ಗದ ಮುಂದೆ ಕೂತವನು ನಾನು. ಬಟ್ಟೆ ವಿಷಯ ನನಗೇ ಹೇಳ್ಕೊಡ್ತೀಯಾ?" ಎಂದು ನಕ್ಕು, ನೇಕಾರ ನುಣುಪಾದದ್ದನ್ನು ಕಟ್ಟಿಸಿಕೊಂಡ.

ಗುಡಿ ತೆರೆಯುವ ದಿನ ಬಂತು. ನೇಕಾರ ಜೊತೆಗಾರನೊಂದಿಗೆ ಹೊರಟ. ಮುಳ್ಳುಹುಲ್ಲಿನಲ್ಲಿ ಅಷ್ಟು ದೂರ ನಡೆದರೂ ಬಟ್ಟೆಯ ಒಂದು ಎಳೆಯೂ ಕಿತ್ತುಬರಲಿಲ್ಲ. ನೇಕಾರನಿಗೆ ಒಳಗೊಳಗೇ ಹಿಗ್ಗು. ಹೊಳೆಯ ಬಳಿ ಎರಡೂ ತುಂಡು ಕಳಚಿ, ವಸ್ತ್ರದ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾಟಿದ. ಆಚೆ ದಡದಲ್ಲಿ ಕೂತು ಬಲಗಾಲಿನ ತುಂಡು ಜೋಡಿಸಿದ. ಎಡಗಾಲಿನ ಜಿಪ್ ಅರ್ಧಕ್ಕೆ ಬಂದು ಬಾಯಿಬಿಟ್ಟಿತು. ಹಿಂದಕ್ಕೆಳೆದರೆ ಹಿಡಿಯೇ ಕಿತ್ತು ಕೈಗೆ ಬಂತು. ಪಿನ್ನು ಚುಚ್ಚಿಕೊಂಡು ಎದ್ದ. ನಾಲ್ಕು ಹೆಜ್ಜೆಗೆ ತುಂಡು ಜಾರಿ ಪಾದದ ಮೇಲೆ ಬಿತ್ತು. ಹೊತ್ತು ನೆತ್ತಿಗೆ ಬರುತ್ತಿತ್ತು.

"ಗಂಟಲ್ಲಿ ಬಟ್ಟೆ ಇದೆಯಲ್ಲೋ ಮಾರಾಯ, ಸುತ್ಕೊಂಡು ಬಾ!" ಎಂದು ಜೊತೆಗಾರ ಕೂಗಿದ.

"ನಾನು ಉಟ್ಟದ್ದನ್ನ ದೇವರಿಗೆ ಉಡಿಸಲಾ?" ಎಂದ ನೇಕಾರ.

 ಜೊತೆಗಾರ ಮೆಟ್ಟಿಲು ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲು ಹಾಕುವ ಗಂಟೆ ಕೇಳಿಸಿತು. ನೇಕಾರ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೆಳಗೇ ಕೂತಿದ್ದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಪಾಪ, ಅಂಗಡಿಯಲ್ಲಿ ಅಷ್ಟು ಹೊತ್ತು ಕೂತು ನೋಡಿದ್ದನಲ್ಲ, ಗುರುಗಳೇ!" ಎಂದ.

ಗುರುಗಳು ಹೇಳಿದರು: "ಹೌದಪ್ಪಾ, ಅಷ್ಟು ಹೊತ್ತೂ ಅವನು ನೋಡುತ್ತ ಕೂತಿದ್ದು ತನ್ನ ಜಾಣತನವನ್ನೇ."