ದೇಸಾಯರ ಊಟಕ್ಕ ಒಂದೂ ದೂರಿಲ್ಲ

ಕುಂದರ್ರಿ, ಹೇಳತೀನಿ. ನಡುವ ಬಾಯಿ ಹಾಕಿದ್ರ ಎದ್ದು ಹೋಗಾಕಿ ನಾ!

ಸಾವಂತ್ರೆವ್ವ ಅಂತ ಒಬ್ಬಾಕಿ ಮುದುಕಿ. ಆಕಿಗೆ ಒಬ್ಬನ ಮಗ, ಅಡಿವೆಪ್ಪ. ಮೈ ಕೋಣಂದು, ಬುದ್ಧಿ ಕೂಸಿಂದು. "ಬಾಗಲಾ ನೋಡಕೋತ ಇರು" ಅಂದ್ರ ಬಾಗಲಾನ ನೋಡಕೋತ ಕುಂದ್ರಾಂವ. ನಾಯಿ ಹಿತ್ತಲದಿಂದ ಬಂದು ರೊಟ್ಟಿ ತಿಂದು ಹೋದ್ರೂ ಅಂವ ಬಾಗಲಾನ ನೋಡಾಂವ.

"ನಾ ಸತ್ತ ಮ್ಯಾಲ ಇಂವಗ ತುತ್ತು ಹಾಕವರ‍್ಯಾರೋ ಶಿವನ!" ಅಂತ ಮುದುಕಿ ದಿನಾ ಹಣಿ ಬಡಕೊಳ್ಳಾಕಿ. ಅದೊಂದ ಆಕಿ ಚಿಂತಿ.

ಆ ಊರಿಗೆ ದೇಸಾಯರು ಧಣಿ. ಕಾಲು ಬಾತು ಮ್ಯಾಲಿನ ಮಾಳಗ್ಯಾಗ ಬಿದ್ದಾರ, ಆದ್ರೂ ಹೆಸರಿನ ಹಸಿವು ಹೋಗಿಲ್ಲ. ಇವತ್ತ ಕುಸ್ತಿ ಇಡಸೂದು, ನಾಳೆ ಪುರಾಣ ಹಚ್ಚಸೂದು. ಹೆಂಗಾತು ಅಂತ ಕೇಳಿದ್ರ ಸುತ್ತಲಿನವರು "ಭಾರೀ ಆತ್ರಿ ಧಣ್ಯಾರ!" ಅನ್ನವರು. ಖರೇ ಹೇಳಾಂವ ಒಬ್ಬನೂ ಇಲ್ಲ. ಕಡೀಕ ಸಾವಂತ್ರೆವ್ವನ್ನ ಕರಸಿದ್ರು.

"ನಿನ್ನ ಮಗಗ ಸುಳ್ಳ ಹೇಳಾಕ ಬುದ್ಧಿ ಇಲ್ಲ. ನಾ ಮಾಡಿಸಿದ ಕಾರ್ಯ ಹೆಂಗಾತು ಅಂತ ನೋಡಿ ಬಂದು ಹೇಳಲಿ. ಅಂವ ಇರೂತನಕ ಎರಡು ಹೊತ್ತು ಊಟ ನಂದು."

ಮುದುಕಿ ಕಾಲಿಗೆ ಬಿದ್ಲು. ಮಗಗ ಅಂದ್ಲು, "ಧಣ್ಯಾರು ಹೇಳಿದಷ್ಟ ಮಾಡು. ಗೆರಿ ದಾಟಬ್ಯಾಡ!"

"ಹೂನ ಬೇ!"

ಮೊದಲ ಕುಸ್ತಿ ಆತು. ಅಡಿವೆಪ್ಪ ಓಡಿ ಬಂದ.

"ಹೆಂಗಾತೋ?"

"ಹಾಳಾತ್ರಿ! ಇಬ್ಬರು ಬಂದ್ರು, ಇಬ್ಬರೂ ಬಿದ್ರು. ಯಾರಿಗೂ ನೆಟ್ಟಗ ನಿಂದ್ರಾಕ ಬರೂದಿಲ್ರಿ!"

"ಥೂ ಹುಚಪ್ಯಾಲಿ! ಪೈಲವಾನರನ್ನ ಯಾಕ ನೋಡಿದಿ? ಮಂದಿ ಮಾರಿ ನೋಡಬೇಕು! ನಕ್ಕರ ಚಲೋ ಆತು, ಅತ್ತರ ಕೆಡ್ತು!"

"ಹೂನ್ರಿ!"

ಆಮ್ಯಾಲ ಪುರಾಣ ಹಚ್ಚಿದ್ರು. ಸ್ವಾಮಿಗೋಳು ಕೂಸು ಕಳಕೊಂಡ ತಾಯಿ ಕತಿ ತಗದ್ರು. ಕುಂತಾವರೆಲ್ಲಾ ಸೆರಗ ಕಣ್ಣಿಗೆ ಹಚ್ಚಿದ್ರು. ಅಡಿವೆಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಅಯ್ಯಯ್ಯ, ಕೆಡ್ತು! ಎದ್ದು ನಿಂತು ಹ್ಹಹ್ಹಹ್ಹಾ ಅಂತ ನಕ್ಕ! ಮಂದಿ ಕಾಲಾಗಿನ ಕೆರ ಕೈಗೆ ತಗೊಂಡ್ರು.

"ಎಲ್ಲಾರೂ ಅತ್ರಿ ಧಣ್ಯಾರ. ನಿಮ್ಮ ಪುರಾಣ ಕೆಡಬಾರದಂತ ನಾ ಒಬ್ಬನ ನಕ್ಕೆರಿ!"

"ನಿನ್ನ ಬಾಯಾಗ ಮಣ್ಣ ಹಾಕ! ಇನ್ನೊಮ್ಮೆ ಹಿಂಗ ಮಾಡಿದ್ರ ಊಟ ಬಂದ್! ಕಾರ್ಯ ನಡದಾಗ ಬಾಯಿ ತೆಗೀಬ್ಯಾಡ, ಕೈ ಆಡಸಬ್ಯಾಡ. ಸುಮ್ನ ನೋಡು. ಮರುದಿನ ಮನಿಮನಿಗೆ ಹೋಗಿ ದೂರು ಐತೇನು ಅಂತ ಕೇಳು. ದೂರು ಇಲ್ಲಂದ್ರ ಚಲೋ ಆತಂತ ತಿಳಿ!"

ಮುದುಕಿನೂ ಎರಡ ಕೊಟ್ಲು. "ಸುಮ್ನ ಇರೋ ನನ್ನ ಮಗನ! ಅಷ್ಟಾದ್ರೂ ಬರತೈತಿಲ್ಲ ನಿನಗ?"

ದೇಸಾಯರ ಮೊಮ್ಮಗನ ತೊಟ್ಟಲದ ದಿನ ಬಂತು. ಓಣಿಗೆಲ್ಲಾ ಊಟ. ತಾಮ್ರದ ಹಂಡೆಕ್ಕ ಕಲಾಯಿ ಇರಲಿಲ್ಲ, ಹಂತಾದ್ರಾಗ ಹುಳಿ ಮಜ್ಜಿಗಿ ಸಾರು ಮಾಡಿ ಇಟ್ಟಿದ್ರು. ತಾಮ್ರದ ಕಿಲುಬಿನ ವಿಷ ಇಳದು ಸಾರು ಹಸರಿಗೆ ತಿರಗಿತ್ತು. ಅಡಗಿಯಂವ ನೋಡಿ ಬೆವತ, ಚೆಲ್ಲಿದ್ರ ಧಣಿ ಸುಲೀತಾನಂತ ಅರಿಷಿಣ ಸುರುವಿ ಬಣ್ಣ ಮುಚ್ಚಿದ. ಅಡಿವೆಪ್ಪ ಅದನ್ನೆಲ್ಲಾ ನೋಡಿದ. ಸುಮ್ನ ನೋಡು ಅಂದಿದ್ರಲ್ಲ, ಸುಮ್ನ ನೋಡಿದ.

ಸಾವಂತ್ರೆವ್ವ ಪಂಕ್ತ್ಯಾಗ ಕುಂತಿದ್ಲು. "ಯಾಕೋ ಅಡಿವ್ಯಾ, ಸಾರು ಒಗರೊಗರು ಐತಲ್ಲೋ?" ಅಂದ್ಲು.

ಅಂವ ಎರಡೂ ಕೈಲೆ ಬಾಯಿ ಮುಚಗೊಂಡ.

"ಇರಲಿ ಬಿಡು, ಮಗಗ ಅನ್ನಾ ಹಾಕೂ ಮನಿ. ಎಲಿ ಮ್ಯಾಲ ಬಿಡಬಾರದು" ಅಂತ ಮುದುಕಿ ಮತ್ತೊಂದು ದೊನ್ನಿ ಹಾಕಿಸಿಕೊಂಡು ಕುಡದ್ಲು. ನಗ್ತೀರಿ? ನಗ್ರಿ.

ಮರುದಿನ ಅಡಿವೆಪ್ಪ ಮನಿಮನಿ ಬಾಗಲಕ ಹೋದ. "ಧಣ್ಯಾರ ಊಟದ್ದು ದೂರು ಐತೇನ್ರಿ?"

"ಎಪ್ಪಾ, ನೀರು ಕೊಡೋ! ಹೊಟ್ಟಿ ಹರೀತೈತೋ!"

ನೀರು ಕೇಳಿದ್ರು, ದೂರು ಹೇಳಲಿಲ್ಲ. ಮುಂದಿನ ಮನ್ಯಾಗ ಬರೇ ನರಳಿದ್ರು. ಅದೂ ದೂರಲ್ಲ. ಕಡೀಕ ತನ್ನ ಮನೀಗೆ ಬಂದ. ಅವ್ವ ಕಣ್ಣ ತೆರದ ಮಲಗಿದ್ಲು.

"ಅವ್ವಾ, ದೂರು ಐತೇನ ಬೇ?"

ಅವ್ವ ಏನೂ ಅನ್ನಲಿಲ್ಲ. ಹುಟ್ಟಿದಾಗಿಂದ ಬೈದಾಕಿ ಇವತ್ತ ಬೈಲಿಲ್ಲ. ಅಡಿವೆಪ್ಪಗ ಎಲ್ಲಿಲ್ಲದ ಖುಷಿ! ಓಡಿದ.

"ಚಲೋ ಆತ್ರಿ ಧಣ್ಯಾರ! ಒಂದೂ ದೂರಿಲ್ರಿ! ನಮ್ಮವ್ವನೂ ಪಿಟ್ ಅನ್ನಲಿಲ್ರಿ!"

ದೇಸಾಯರು ಮೀಸಿ ಮ್ಯಾಲ ಕೈ ಹಾಕೂದ್ರಾಗ ಓಣ್ಯಾಗ ಬಾಯಿ ಬಡಕೊಳ್ಳೂದು ಕೇಳಿಸ್ತು. ಆಳು ಬಂದು ಸಾವಂತ್ರೆವ್ವ ಸತ್ತದ್ದು ಹೇಳಿದ. ದೇಸಾಯರ ಮಾರಿ ಬೂದಿ ಆತು.

"ಅಯ್ಯೋ ಹೇಸಿ ಮುಂಡೇದ! ಸತ್ತಾಕಿ ದೂರು ಹೇಳತಾಳೇನಲೇ! ಹೋಗು, ನಿಮ್ಮವ್ವನ ಮಣ್ಣಿಗೆ ಹೋಗು! ಮಂದಿಗೆ ನನ್ನ ಮ್ಯಾಲ ಎಷ್ಟ ಸಿಟ್ಟೈತಿ ನೋಡಿ ಬಾ. ಎದ್ದು ಹೋದಾವರು ನನ್ನ ವೈರಿಗೋಳು. ಕಡೀತನಕ ಸುಮ್ನ ಕುಂತಾವರು ನಮ್ಮವರು!"

"ಹೂನ್ರಿ!"

ಓಣಿ ಮಂದಿ ಮುದುಕಿಗೆ ವಿಭೂತಿ ಹಚ್ಚಿದ್ರು, ಹೂವಿನ ಸರ ಹಾಕಿದ್ರು. ಲಿಂಗಾಯತ್ರ ಪದ್ಧತಿ ಹೆಂಗೈತಿ ಹಂಗ ಕುಣ್ಯಾಗ ಕುಂದರಿಸಿದ್ರು. ಮಗ ಮೊದಲ ಹಿಡಿ ಮಣ್ಣ ಹಾಕಬೇಕು. ಎಲ್ಲಾರೂ ಕರದ್ರು. ಅಂವ ಕುಣಿ ದಂಡಿ ಮ್ಯಾಲ ನಿಂತು, ಸುತ್ತ ಕುಂತಾವರಾಗ ಯಾರ‍್ಯಾರು ಏಳತಾರ ನೋಡಕೋತ ಇದ್ದ. ಕಡೀಕ ಮಂದಿನ ಮಣ್ಣ ಎಳದ್ರು, ದೇಸಾಯರಿಗೆ ಶಾಪಾ ಹಾಕಕೋತ ಮನಿ ಹಾದಿ ಹಿಡದ್ರು.

ಅಡಿವೆಪ್ಪ ಮಾಳಗಿ ಏರಿ ಬಂದ.

"ಏನಾತೋ? ಯಾರರ ಕಡೀತನಕ ಕುಂತ್ರೇನು?"

"ಎಲ್ಲಾರೂ ಎದ್ದು ಹೋದ್ರಿ ಧಣ್ಯಾರ. ನಮ್ಮವ್ವ ಒಬ್ಬಾಕಿನ ನಿಮ್ಮಾಕಿ. ಮಣ್ಣ ಹಾಕಿದ್ರೂ ಏಳಲಿಲ್ರಿ. ಇನ್ನೂ ಕುಂತಾಳ್ರಿ."