ಇಟ್ಟೆನೆಂದದ್ದು, ಇಟ್ಟದ್ದು

ಆಸ್ಪತ್ರೆಯೊಂದರ ಕಂಪ್ಯೂಟರುಗಳು ಕಳುಹಿಸುವ ಕಡತಗಳನ್ನು ಕಾಯುವ ಕೆಲಸಕ್ಕೆ ಎರಡು ಸರ್ವರುಗಳು ಪೈಪೋಟಿಗಿಳಿದವು. ಸೋತದ್ದು ಗುಜರಿಗೆ. ಪರೀಕ್ಷಕ ತಂತ್ರಾಂಶ ಎರಡಕ್ಕೂ ಬೇರೆ ಬೇರೆ ಕಡತಗಳನ್ನು ಒಂದೇ ಸಮನೆ ಕಳುಹಿಸತೊಡಗಿತು.

ಹೊಸ ಸರ್ವರು ಕಡತ ಕೈಗೆ ಬಂದೊಡನೆ “ಇಟ್ಟೆ” ಎನ್ನುತ್ತಿತ್ತು. ಹಳೆಯದು, ವಿದ್ಯುತ್ ಹೋದರೂ ಅಳಿಯದ ಡಿಸ್ಕಿನಲ್ಲಿ ಪೂರ್ತಿ ಬರೆದ ಮೇಲಷ್ಟೇ ಹಾಗೆನ್ನುತ್ತಿತ್ತು.

“ಏನಜ್ಜಾ, ತೂಕಡಿಕೆಯೇ? ಗುಜರಿಯವನು ಬಾಗಿಲಲ್ಲಿದ್ದಾನೆ!” ಎಂದಿತು ಹೊಸದು.

“ಇರಲಿ ಬಿಡಪ್ಪ. ಇಡದೆಯೇ ಇಟ್ಟೆನೆಂದರೆ, ಕಳುಹಿಸಿದವರು ನಂಬಿ ತಮ್ಮಲ್ಲಿರುವುದನ್ನು ಅಳಿಸಿಬಿಡುತ್ತಾರೆ,” ಎಂದಿತು ಹಳೆಯದು. ಅದಕ್ಕೆ ಅವಸರವೂ ಇರಲಿಲ್ಲ, ಅಳುಕೂ ಇರಲಿಲ್ಲ.

ಪರೀಕ್ಷಕ ಥಟ್ಟನೆ ಎರಡರ ವಿದ್ಯುತ್ತನ್ನೂ ಕಡಿದು, ಮತ್ತೆ ಕೊಟ್ಟು, “ಕೊನೆಯ ಕಡತ ಕೊಡಿ” ಎಂದಿತು.

“ಈಗ ತಾನೇ ಇಲ್ಲೇ ಇತ್ತಲ್ಲ...” ಎಂದು ಹೊಸದು ತಡಕಾಡಿತು.

“ನಿನ್ನ ಮಾತು ಕೇಳಿ ನನ್ನದನ್ನು ಅಳಿಸಿಬಿಟ್ಟೆ. ಇನ್ನು ಅದು ಎಲ್ಲಿಯೂ ಇಲ್ಲ,” ಎಂದ ಪರೀಕ್ಷಕ ಹಳೆಯದರತ್ತ ತಿರುಗಿತು. “ನೀವು?”

“ನನ್ನಲ್ಲೂ ಇಲ್ಲ. ಆದರೆ ಇಟ್ಟೆನೆಂದು ನಾನು ಹೇಳಿಯೂ ಇಲ್ಲ. ನಿಮ್ಮಲ್ಲೇ ಇರಬೇಕು, ನೋಡಿ.”

ಇತ್ತು. ಪರೀಕ್ಷಕ ಅದನ್ನು ಮತ್ತೆ ಕಳುಹಿಸಿ, ಹಳೆಯದು “ಇಟ್ಟೆ” ಎನ್ನುವವರೆಗೂ ತಾಳ್ಮೆಯಿಂದ ಕಾದು, “ಕೆಲಸ ನಿಮ್ಮದು” ಎಂದಿತು.