ಎಂಜಲಗುಡ್ಡದ ನಾಲ್ಕು ಕಂಬ

ಎಂಜಲಗುಡ್ಡ ಹತ್ತುವವರಿಗೆ ಮೊದಲು ಕಾಣುವುದು ಗುಡಿಯಲ್ಲ, ಬಾರೆ ಗಿಡಗಳು. ಮೈಸೂರು ಕಡೆಯವರು ಎಲಚಿ ಎನ್ನುವ ಅದೇ ಮುಳ್ಳಿನ ಗಿಡ. ಬುಡದಿಂದ ನೆತ್ತಿಯವರೆಗೆ ಬಂಡೆಯ ಸಂದುಸಂದಿನಲ್ಲೂ ಅವೇ ತುಂಬಿವೆ. ಸುತ್ತಲಿನ ಗುಡ್ಡಗಳೆಲ್ಲ ಬಿಸಿಲಿಗೆ ಬೆಂದು ಬೋಳಾಗಿರುವಾಗ ಇದೊಂದೇ ಹೇಗೆ ಹಸಿರಾಗಿದೆ ಎಂದು ಹೊಸಬರು ಕೇಳುತ್ತಾರೆ. ನೆತ್ತಿಯ ಮೇಲೆ ಬೆಟ್ಟದಯ್ಯನ ಸಣ್ಣ ಕಲ್ಲುಗುಡಿಯಿದೆ. ಅಂಗಳದಲ್ಲಿ ಎರಡಾಳೆತ್ತರದ ನಾಲ್ಕು ಕಲ್ಲುಕಂಬ, ನಡುವೆ ಏನೂ ಇಲ್ಲ. ಮಂಟಪ ಬಿದ್ದುಹೋಗಿರಬೇಕು ಎಂದು ಕೆಲವರು ಊಹಿಸುತ್ತಾರೆ. ಅದು ತಪ್ಪು. ಅಲ್ಲಿ ಮಂಟಪ ಎಂದೂ ಇರಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವಿರಬೇಕು ಎನ್ನುತ್ತಾರೆ, ಈ ಗುಡ್ಡವೂ ಬೋಳಾಗಿತ್ತು. ಇದ್ದದ್ದು ಗುಡಿಯಂಗಳದ ಒಂದೇ ಬಾರೆ ಮರ. ಸಂಕ್ರಾಂತಿಯ ದಿನ ಬೆಟ್ಟದಯ್ಯನ ತಟ್ಟೆಗೆ ಈ ಗುಡ್ಡದ್ದೇ ಹಣ್ಣು ಹೋಗಬೇಕು, ಅದೂ ಯಾರ ಬಾಯಿಯೂ ತಾಗದ ಹಣ್ಣು ಎಂಬುದು ಕಟ್ಟಳೆ. ಪೂಜಾರಿ ಅಡವಯ್ಯನ ತಂದೆ ಬದುಕಿದ್ದಾಗ ಒಂದು ಸಂಕ್ರಾಂತಿಗೆ ಗಿಳಿ ಕಚ್ಚಿದ ಹಣ್ಣು ತಟ್ಟೆಗೆ ಬಂತು. ಅದೇ ಬೇಸಿಗೆಯಲ್ಲಿ ಊರಿನ ದನಗಳು ಸಾಲುಸಾಲಾಗಿ ಸತ್ತವು. ಮುದುಕನ ಕಣ್ಣು ಮಂಜಾಗಿತ್ತು ಎಂಬುದನ್ನು ಯಾರೂ ಎಣಿಸಲಿಲ್ಲ. ದೇವರಿಗೆ ಎಂಜಲಿಟ್ಟವನು ಎಂಬ ಹೆಸರು ಹೊತ್ತೇ ಅವನು ಕಣ್ಣು ಮುಚ್ಚಿದ. ಆ ಹೆಸರನ್ನು ತೊಳೆಯಬೇಕೆಂಬುದೊಂದೇ ಅಡವಯ್ಯನ ಹಟವಾಯಿತು. ಹಣ್ಣಿನ ಕಾಲ ಬಂದರೆ ಕವಣೆ ಹಿಡಿದು ಗಿಳಿ, ಅಳಿಲುಗಳನ್ನು ಓಡಿಸುವನು. ಕತ್ತಲಲ್ಲಿ ನರಿಗಳು ಬಂದು ಉದುರಿದ ಹಣ್ಣು ತಿಂದು ಅಂಗಳದಲ್ಲೇ ಹೊಲಸು ಮಾಡಿ ಹೋಗುತ್ತಿದ್ದವು. ಅದರ ತುಂಬ ಬಾರೆ ಬೀಜ. ಬೆಳಗಾದೊಡನೆ ಅದನ್ನೆಲ್ಲ ಮೊರಕ್ಕೆ ಬಳಿದು, ಗುಡಿಯ ಹಿಂದಿನ ಕೊರಕಲಿಗೆ ಸುರಿದು, ಆ ಕಡೆ ತಿರುಗಿಯೂ ನೋಡದೆ ಬಂದು ಸ್ನಾನ ಮಾಡುವನು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಇಪ್ಪತ್ತೆರಡನೆಯ ವರ್ಷ ಮರ ಹೂ ಬಿಟ್ಟಾಗ ಅವನು ಕೆಳಗೆ ಮಲಗಿ ಮೇಲೆ ನೋಡುತ್ತಿದ್ದ. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ಹೂಗಳು. ಒಂದೊಂದರ ಮೇಲೂ ನೊಣ, ಜೇನು, ಕಣಜ ಕೂತು ಬಾಯಿ ಇಟ್ಟು ಹೀರುತ್ತಿದ್ದವು. ಅಡವಯ್ಯ ಥಟ್ಟನೆ ಎದ್ದು ಕುಳಿತ. ಹಣ್ಣು ಹುಟ್ಟುವ ಮೊದಲೇ ಎಂಜಲು! ಹಾಗಾದರೆ ತಾನೂ ಇಷ್ಟು ವರ್ಷ ಇಟ್ಟದ್ದು ಎಂಜಲೇ. ಮರುವರ್ಷ ಮೊಗ್ಗು ಬಿರಿಯುವ ಮುಂಚೆ ಮರದ ಸುತ್ತ ನಾಲ್ಕು ಕಂಬ ನಿಲ್ಲಿಸಿದ. ಭಕ್ತರು ಕೊಟ್ಟ ಧೋತರಗಳನ್ನೆಲ್ಲ ಸೇರಿಸಿ ಹೊಲಿಸಿ, ಕಂಬಕ್ಕೂ ಕೊಂಬೆಗೂ ಬಿಗಿದು, ಮರವನ್ನು ನೆಲದವರೆಗೆ ಮುಚ್ಚಿದ. ಹೊಲಿದವಳು ಅವನ ಅಕ್ಕ ಬಸಲಿಂಗವ್ವ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದವಳು, ಬಾಯಿ ಜೋರು.

"ಎಷ್ಟ್ ಚಂದ ಹಂದರ ಹಾಕೀಯೋ ತಮ್ಮಾ! ಹೆಣ್ಣನ್ನ ಒಳಗ ಕುಂದ್ರಿಸಿ ಬೀಗರನ್ನ ಹೊರಗ ನಿಲ್ಲಿಸೀದಿ. ಮದಿವಿ ಹೆಂಗ ಆಕೈತಿ?"

"ಅವು ಬೀಗರಲ್ಲಕ್ಕಾ, ನೊಣ."

"ನಿಮ್ಮ ಮಾವನೂ ನೊಣದಂಗ ಇದ್ದ. ಒಳಗ ಬಿಟ್ಟಿದ್ದಕ್ಕ ನನಗ ಮೂರು ಮಕ್ಕಳಾದ್ವು."

ಅಡವಯ್ಯ ನಗಲಿಲ್ಲ. ಬಟ್ಟೆಯ ಹೊರಗೆ ಜೇನು ಗುಂಯ್‌ಗುಟ್ಟುತ್ತಾ ಸುತ್ತುತ್ತಿದ್ದರೆ ಒಳಗೆ ಹೂಗಳು ಅರಳಿದವು, ಬಾಡಿದವು, ಉದುರಿದವು. ಕಾರ್ತಿಕದಲ್ಲಿ ಅವನು ಸೆರಗೆತ್ತಿ ನೋಡಿದ. ಒಂದು ಕಾಯಿಯೂ ಇರಲಿಲ್ಲ. ಆದರೂ ಬಟ್ಟೆ ಬಿಚ್ಚಲಿಲ್ಲ. ಮರಕ್ಕೂ ವಯಸ್ಸಾಗಿ ಬುಡವನ್ನು ಗೆದ್ದಲು ತಿಂದಿತ್ತು. ಮಾಗಿಯ ಗಾಳಿಗೆ ಬಟ್ಟೆ ಉಬ್ಬಿ ಎಳೆದಾಗ ಅದು ಕಂಬಗಳ ನಡುವೆಯೇ ಮುರಿದು ಬಿತ್ತು.

ಸಂಕ್ರಾಂತಿಯ ಬೆಳಗ್ಗೆ ಕೆಳಗಿನಿಂದ ಡೊಳ್ಳಿನ ಸದ್ದು ಏರುತ್ತಿತ್ತು. ಅಪ್ಪ ಎಂಜಲಿಟ್ಟ, ಮಗ ಬರಿ ತಟ್ಟೆ ಇಟ್ಟ ಎಂದು ಇನ್ನು ಊರು ಆಡಿಕೊಳ್ಳುತ್ತದೆ. ಗೌಡರ ಕೈಗೆ ಗುಡಿಯ ಕೀಲಿ ಒಪ್ಪಿಸಿ ಗುಡ್ಡ ಇಳಿದುಬಿಡುವುದೆಂದು ಅಡವಯ್ಯ ನಿಶ್ಚಯಿಸಿದ. ಬಸಲಿಂಗವ್ವ ಅವನ ರಟ್ಟೆ ಹಿಡಿದಳು.

"ಹೋಗುವವ ಹೋಗೀಯಂತ. ನೀ ಬಿತ್ತಿದ ಹೊಲ ಒಂದ್ಸಲ ನೋಡಿ ಹೋಗು."

ಗುಡಿಯ ಹಿಂದೆ ಕರೆದೊಯ್ದು ಕೊರಕಲಿಗೆ ಬೆರಳು ತೋರಿಸಿದಳು. ಅವನು ಮೊರ ಸುರಿದ ಜಾಗದಲ್ಲಿ ಮೂವತ್ತು ನಲವತ್ತು ಬಾರೆ ಮರಗಳು ನಿಂತಿದ್ದವು, ಕೆಂಪಗೆ ಹಣ್ಣು ಹೊತ್ತು. ಗಿಳಿಗಳ ಗದ್ದಲ, ಅಳಿಲುಗಳ ಓಡಾಟ. ಅಡವಯ್ಯ ಮುಳ್ಳು ಗೀರಿಸಿಕೊಂಡು ಕೆಳಗಿಳಿದ. ಒಂದು ಹಣ್ಣು ಕಿತ್ತ, ನುಣ್ಣಗೆ ಇಡಿಯಾಗಿತ್ತು. ಇನ್ನೊಂದು ಕಿತ್ತ, ಗಿಳಿಯ ಕೊಕ್ಕು ಬಿದ್ದಿತ್ತು. ಆ ಗಾಯದಿಂದ ಬಂದ ವಾಸನೆಗೆ ಎಷ್ಟೋ ವರ್ಷದ ಹಿಂದಿನ ಬೆಳಗೊಂದು ನೆನಪಾಯಿತು. ತಂದೆಯ ಹೆಗಲ ಮೇಲೆ ತಾನು. ತಂದೆ ಕೊಂಬೆ ಬಗ್ಗಿಸಿ, ಹುಡುಕಿ ಹುಡುಕಿ ಗಿಳಿ ಕಚ್ಚಿದ ಹಣ್ಣನ್ನೇ ಧೋತರಕ್ಕೆ ಒರೆಸಿ ಕೊಡುತ್ತಿದ್ದ. "ಇದನ್ನ ತಿನ್ನು ಮಗಾ, ಗಿಳೀಗೆ ಸಿಹಿ ಗೊತ್ತಿರತೈತಿ."

ಅಡವಯ್ಯ ಎರಡೂ ಅಂಗೈಯ ಹಣ್ಣುಗಳನ್ನು ತೂಗಿ ನೋಡಿದ. ಕೊನೆಗೆ ಇಡಿಯ ಹಣ್ಣನ್ನು ಅಲ್ಲೇ ಬಿಟ್ಟು ಬಂದ.

ಗರ್ಭಗುಡಿಯ ಬಾಗಿಲಲ್ಲಿ ಗೌಡರು ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಯ್ಯಾ ಪೂಜಾರಿ, ಕಣ್ಣು ಕಾಣೂದಿಲ್ಲೇನು? ಕಚ್ಚಿದ ಹಣ್ಣಿದು."

"ನೋಡೇ ಇಟ್ಟೀನ್ರೀ ಗೌಡ್ರ. ನೊಣ ಮುಟ್ಟದ ಹೂವು ಕಾಯಾಗಲಿಲ್ಲ. ನರಿ ತಿಂದ ಬೀಜ ಮರ ಆತು. ಮೊದಲ ಪಾಲು ಅವುಗಳದು. ನಮ್ಮಪ್ಪ ಇಟ್ಟದ್ದೂ ಇಂಥಾದ್ದೇ. ಇದಕ್ಕ ದನ ಸಾಯೂದಾದ್ರ ನನ್ನ ಆಕಳು ಮೊದಲು ಸಾಯಲಿ."

ಊರು ಆ ಬೇಸಿಗೆಯನ್ನು ಉಸಿರು ಬಿಗಿಹಿಡಿದು ಕಳೆಯಿತು. ಒಂದು ಕರುವೂ ಸಾಯಲಿಲ್ಲ ಎನ್ನುತ್ತಾರೆ. ಮುಂಗಾರು ಬಿದ್ದ ದಿನ ಗೌಡರೇ ಗುಡ್ಡ ಹತ್ತಿ ಬಂದು, "ನಿಮ್ಮಪ್ಪಗ ಅಂದದ್ದು ತಪ್ಪಾತು," ಎಂದು ಗುಡಿಯ ಮುಂದೆ ಹೇಳಿದರಂತೆ. ಮೊದಲು ಮೂದಲಿಸಲು ಹುಟ್ಟಿದ ಎಂಜಲಗುಡ್ಡ ಎಂಬ ಹೆಸರನ್ನು ಆಮೇಲೆ ಯಾರೂ ಬದಲಿಸಲು ಹೋಗಲಿಲ್ಲ.

ಇಂದಿಗೂ ಸಂಕ್ರಾಂತಿಯ ದಿನ ಬೆಟ್ಟದಯ್ಯನ ತಟ್ಟೆಯಲ್ಲಿ ಕೊಕ್ಕಿನ ಗುರುತಿರುವ ಒಂದೇ ಒಂದು ಬಾರೆ ಹಣ್ಣನ್ನು ಕಾಣಬಹುದು. ಬಂದವರು ಹಣ್ಣು ತಿಂದು ಬೀಜವನ್ನು ಗುಡ್ಡದ ಮೇಲೆಯೇ ಉಗುಳಿ ಇಳಿಯುತ್ತಾರೆ. ನಾಲ್ಕು ಕಂಬಗಳ ಮೇಲೆ ಅಂದಿನಿಂದ ಯಾರೂ ಬಟ್ಟೆ ಕಟ್ಟಿಲ್ಲ. ನರಿಗಳ ಕೂಗು ಈಗ ಅಪರೂಪ. ಆದರೆ ಅಂಗಳ ಗುಡಿಸುವವರು ಬೆಳಗಿನ ಹೊಲಸನ್ನು ಈಗಲೂ ಮೊರಕ್ಕೆ ಬಳಿದು ಅದೇ ಕೊರಕಲಿಗೆ ಸುರಿಯುತ್ತಾರೆ. ಸುರಿದ ಮೇಲೆ ಒಂದು ಗಳಿಗೆ ನಿಂತು, ಕೆಳಗೆ ನೋಡುತ್ತಾರೆ.